ಹದಿನೆಂಟು ಮೊಳದ ಸೀರೆ

ಹೋದ ತಿಂಗಳು ರಾಜಾಜಿನಗರದ ಒಂದು ಬಟ್ಟೆ ಅಂಗಡಿಗೆ ಹೋಗಿದ್ದೆ. ನೆರೆಮನೆಯ ಹುಡುಗಿ ಹಿಮಾಲಯದ ಕಡೆ ಚಾರಣಕ್ಕೆ ಹೊರಟಿದ್ದಳು; ಅವಳಿಗೆ ಪ್ಯಾಂಟು, ಅಂಗಿ, ಮಳೆಕೋಟು ಬೇಕಿತ್ತು, ಜೊತೆಗೆ ಒಬ್ಬರು ಬೇಕಿತ್ತು. ಅಂಗಡಿಯ ಹುಡುಗ ಒಂದು ಪ್ಯಾಂಟನ್ನು ಬಿಡಿಸಿ ನನ್ನ ಕೈಗೂ ಕೊಟ್ಟು, "ಮುಟ್ಟಿ ನೋಡಿ ಆಂಟಿ. ಹಿಂಡಿ ಹಾಕಿದ್ರೆ ಅರ್ಧ ಗಂಟೇಲಿ ಒಣಗುತ್ತೆ," ಎಂದ. ಎಪ್ಪತ್ತೈದು ದಾಟಿದವಳನ್ನು ಆಂಟಿ ಎಂದದ್ದು ಅವನ ಸೌಜನ್ಯ. ಬಟ್ಟೆ ಕೈಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಹಗುರವಾಗಿತ್ತು. ಮೂಗಿನ ಹತ್ತಿರ ತಂದರೆ ಅದಕ್ಕೆ ಯಾವ ವಾಸನೆಯೂ ಇರಲಿಲ್ಲ.

ಆ ಅಂಗಡಿಯಿಂದ ನಾಲ್ಕು ಅಡ್ಡರಸ್ತೆ ಆಚೆ ಐವತ್ತರ ದಶಕದಲ್ಲಿ ನಮ್ಮ ಮನೆ ಇತ್ತು. ಒಂದು ವರ್ಷದ ಭಾದ್ರಪದದಲ್ಲಿ ಆ ಮನೆ ತುಂಬ ಒದ್ದೆ ನೂಲಿನ ವಾಸನೆ, ಅದರ ಮೇಲೆ ಸೌದೆ ಹೊಗೆಯ ವಾಸನೆ. ನಮ್ಮಕ್ಕ ಸರಸ್ವತಿ ಬೆಂಗಳೂರಿನಿಂದ ತಲಕಾವೇರಿಗೆ ನಡೆದು ಹೋಗುವವಳಿದ್ದಳು. ಏನು ಉಟ್ಟು ಹೋಗಬೇಕು, ಏನನ್ನು ಹೊತ್ತು ಹೋಗಬೇಕು ಎನ್ನುವುದು ಆ ಇಡೀ ತಿಂಗಳು ಮನೆಯ ಮುಖ್ಯ ವಿಷಯವಾಗಿತ್ತು. ನಡಿಗೆಯನ್ನು ನಾನು ನೋಡಲಿಲ್ಲ, ಆದ್ದರಿಂದ ಅದನ್ನು ಬರೆಯುವುದಿಲ್ಲ. ಗಂಟು ಕಟ್ಟಿದ್ದನ್ನು ನೋಡಿದ್ದೇನೆ.

ಆಗ ರಾಜಾಜಿನಗರ ಇನ್ನೂ ಏಳುತ್ತಿದ್ದ ಊರು. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ನಿವೇಶನದ ಗಡಿಕಲ್ಲುಗಳೇ ಹೆಚ್ಚು. ಮಾಳಿಗೆಯ ಮೇಲೆ ನಿಂತರೆ ಮಾಗಡಿ ರಸ್ತೆಯ ಆಚೆಗೆ ಹೊಸಹಳ್ಳಿಯ ರಾಗಿ ಹೊಲ, ಅವರೆ ಸಾಲು, ಅದರಾಚೆ ಮಳೆ ಬರುತ್ತಿದ್ದರೆ ಅದೂ ಕಾಣುತ್ತಿತ್ತು. ಅಪ್ಪ ಒಂದು ಗಿರಣಿಯ ಕಚೇರಿಯಲ್ಲಿ ಗುಮಾಸ್ತರು. ನಾನು ಬಿ.ಎ. ಓದುತ್ತಿದ್ದೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಹತ್ತಿರದ ಮಾಧ್ಯಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ, ಭೂಗೋಳ ಮತ್ತು ಕನ್ನಡ ಹೇಳಿಕೊಡುತ್ತಿದ್ದಳು. ಪ್ರತಿ ವರ್ಷ ಕರಿಹಲಗೆಯ ಮೇಲೆ ಕಾವೇರಿಯನ್ನು ಮೂಲದಿಂದ ಸಮುದ್ರದವರೆಗೆ ಬರೆಯುತ್ತಿದ್ದವಳು ಶ್ರೀರಂಗಪಟ್ಟಣದಿಂದ ಆಚೆಗೆ ಆ ನದಿಯನ್ನು ಕಂಡಿರಲಿಲ್ಲ.

ಅವಳ ಶಾಲೆಯ ಹೆಡ್‌ಮಾಸ್ಟರು ಶಾಮಣ್ಣನವರು ಖಾದಿಯ ಮನುಷ್ಯ. ಪ್ರತಿ ದಸರಾ ರಜದಲ್ಲಿ ನಾಲ್ಕಾರು ಮೇಷ್ಟರುಗಳನ್ನು ಕಟ್ಟಿಕೊಂಡು ಎಲ್ಲಿಗಾದರೂ ನಡೆದು ಹೋಗಿಬರುವುದು ಅವರ ಪದ್ಧತಿ. ಆ ವರ್ಷ ತುಲಾ ಸಂಕ್ರಮಣದ ತೀರ್ಥೋದ್ಭವದ ಹೊತ್ತಿಗೆ ತಲಕಾವೇರಿ ತಲುಪುವುದು ಎಂದು ಗೊತ್ತುಮಾಡಿದರು. ಮೊದಲ ಬಾರಿಗೆ ಇಬ್ಬರು ಹೆಂಗಸರು ತಾವೂ ಬರುತ್ತೇವೆ ಎಂದರು. ಒಬ್ಬಳು ಅಕ್ಕ. ಇನ್ನೊಬ್ಬಳು ಅವಳ ಸಹೋದ್ಯೋಗಿ ಕೆಂಪಮ್ಮ, ಹೊಸಹಳ್ಳಿಯ ಒಕ್ಕಲು ಮನೆಯವಳು, ಆ ಊರಿನಿಂದ ಟೀಚರ್ ತರಬೇತಿಗೆ ಹೋದ ಮೊದಲ ಹುಡುಗಿ.

ಅಕ್ಕ ಯಾಕೆ ಹೋಗಬೇಕೆಂದು ಹಟ ಹಿಡಿದಳು ಎಂದು ಮನೆಯಲ್ಲಿ ಯಾರೂ ಅವಳನ್ನು ಕೇಳಲಿಲ್ಲ. ನಾನು ಕೇಳಿದೆ. ಹಾಸಿಗೆ ಬಿಡಿಸುತ್ತಾ ಹೇಳಿದಳು: "ಇಷ್ಟು ವರ್ಷ ನನ್ನನ್ನ ನೋಡೋಕೆ ಜನ ಬಂದರು ಕಣೇ. ಒಂದು ಸಲ ನಾನೇ ಏನಾದರೂ ನೋಡೋಕೆ ಹೋಗ್ತೀನಿ."

ಅವಳನ್ನು ನೋಡಲು ಬಂದವರು ಬಹಳ ಮಂದಿ. ಯಾವುದೂ ಕೂಡಿ ಬಂದಿರಲಿಲ್ಲ. ಆ ಶ್ರಾವಣದಲ್ಲಿ ಚಾಮರಾಜಪೇಟೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಸರ್ಕಾರಿ ಕಚೇರಿಯಲ್ಲಿ ಕೆಲಸದಲ್ಲಿದ್ದ. ತಂದೆ ತಾಯಿ ಇರಲಿಲ್ಲ, ಸೋದರಮಾವನೇ ಎಲ್ಲ. ಜಾತಕ ಕೂಡಿತ್ತು. ದಸರಾ ಕಳೆದ ಮೇಲೆ ಹೆಣ್ಣು ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದ್ದರು. ಅಪ್ಪನಿಗೆ ಇದು ತಪ್ಪಿಹೋಗಬಾರದು ಎಂಬ ಆತಂಕ. ಆದರೂ ಶಾಮಣ್ಣನವರ ಮೇಲಿನ ಗೌರವದಿಂದ ಅಕ್ಕನಿಗೆ ಹೋಗಿಬಾ ಎಂದಿದ್ದರು. ಜನರ ಬಾಯಿಗೆ ಬೀಳುವಂಥದ್ದು ಏನೂ ಆಗಬಾರದು ಎಂಬುದೊಂದೇ ಅವರ ಷರತ್ತು.

ಶಾಮಣ್ಣನವರ ಷರತ್ತೂ ಒಂದೇ: ಉಟ್ಟದ್ದೊಂದು, ಗಂಟಿನಲ್ಲೊಂದು. ಯಾರ ಗಂಟು ಅವರೇ ಹೊರಬೇಕು. ಹೊರಡುವ ಮೊದಲು ಎರಡು ಭಾನುವಾರ ಗಂಟು ಹೊತ್ತುಕೊಂಡು ಕೆಂಗೇರಿಯವರೆಗೆ ನಡೆದು ನೋಡಬೇಕು. ಹೊತ್ತುಕೊಂಡು ಬರಲಾಗದವರನ್ನು ಆಮೇಲೆ ನಡುದಾರಿಯಲ್ಲಿ ಬಿಡಲಾಗುವುದಿಲ್ಲ.

ಮೊದಲ ಗಂಟನ್ನು ಅಕ್ಕ ಮತ್ತು ನಾನು ಸೇರಿ ಕಟ್ಟಿದೆವು. ಮಂಚದ ಮೇಲೆ ಎಲ್ಲವನ್ನೂ ಹರಡಿದಳು. ಶಾಲೆಗೆ ಉಡುವ ಆರು ಗಜದ ಸೀರೆಗಳಲ್ಲಿ ಗಟ್ಟಿಯಾದದ್ದನ್ನು ಆರಿಸಿದಳು, ಬಾಳಿಕೆ ಬರುತ್ತದೆ ಎಂದು. ಅದಕ್ಕೆ ಒಳಲಂಗ. ಎರಡು ರವಿಕೆ, ಕೊಡಗಿನ ಚಳಿಗೆ ಸ್ವೆಟರು, ಹೊದೆಯಲು ಜಮಖಾನ. ಟೈರಿನ ಅಟ್ಟೆ ಹಾಕಿಸಿದ ಚಪ್ಪಲಿ. ತಿಂಗಳ ಬಟ್ಟೆಯ ಮಾತು ಬಂತು. ದಾರಿಯಲ್ಲಿ ಆ ದಿನಗಳು ಬರುತ್ತವೆ ಎಂದು ಅಕ್ಕ ಲೆಕ್ಕ ಹಾಕಿದ್ದಳು. ಹೆಡ್‌ಮಾಸ್ಟರ ನಿಯಮದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಮಲ್ಲು ಬಟ್ಟೆಯ ಹಳೆಯ ತೆಳು ಪಂಚೆಯೊಂದನ್ನು ಹರಿದು ಮಡಿಸಿ ಜಮಖಾನದ ಒಳಗೆ ಸುತ್ತಿದೆವು. ಮಡಿಯಲ್ಲಿದ್ದ ಅಮ್ಮ ಅಡುಗೆಮನೆಯ ಹೊಸ್ತಿಲಲ್ಲೇ ನಿಂತು ನೋಡುತ್ತಿದ್ದಳು. ಆ ದಿನಗಳಲ್ಲಿ ದೇವಸ್ಥಾನದ ಜಗಲಿಯಲ್ಲಿ ತಂಗುವುದು ಹೇಗೆ ಎಂದು ಕೇಳಿದಳು. ಶಾಲೆಗಳಲ್ಲಿ ತಂಗುತ್ತೇವೆ ಎಂದು ಅಕ್ಕ ಹೇಳಿದಳು. ಅಮ್ಮ ಒಳಗೆ ಹೋದಳು.

ಆ ಭಾನುವಾರ ನಾನೂ ಜೊತೆಗೆ ಹೋದೆ. ಬೆಳಕು ಹರಿಯುವ ಮೊದಲೇ ಜಿನುಗುತ್ತಿತ್ತು. ಹೊಸಹಳ್ಳಿಯ ಹೊಲಗಳ ನಡುವಿನ ಬಂಡಿದಾರಿ ಹಿಡಿದು ಮೈಸೂರು ರಸ್ತೆಗೆ ಸೇರುವುದು, ಅಲ್ಲಿಂದ ವೃಷಭಾವತಿಯ ಪಕ್ಕದಲ್ಲೇ ಕೆಂಗೇರಿಗೆ. ಆಗ ಆ ಹೊಳೆಯ ನೀರು ತಿಳಿ. ಬಂಡಿದಾರಿಯ ಕೆಮ್ಮಣ್ಣಿನಲ್ಲಿ ಕಾಲು ಮೈಲಿ ಹೋಗುವಷ್ಟರಲ್ಲೇ ಅಕ್ಕನ ಸೀರೆಯ ಅಂಚು ಒದ್ದೆ ಆಯಿತು. ಮೈಸೂರು ರಸ್ತೆ ಸೇರುವಷ್ಟರಲ್ಲಿ ಒದ್ದೆ ಮೊಣಕಾಲಿಗೆ ಏರಿತ್ತು. ನೆರಿಗೆ ಕಾಲಿಗೆ ಅಂಟುತ್ತಿತ್ತು, ಒಳಲಂಗ ಹೆಜ್ಜೆ ಹೆಜ್ಜೆಗೂ ಕಣಕಾಲಿಗೆ ಬಡಿಯುತ್ತಿತ್ತು. ಒಂದು ಕೈ ಗಂಟಿಗೆ, ಒಂದು ಕೈ ನೆರಿಗೆ ಎತ್ತಿ ಹಿಡಿಯಲು. ಕೊಡೆ ಹಿಡಿಯಲು ಕೈ ಉಳಿಯಲಿಲ್ಲ. ಕೆಂಪಮ್ಮನ ಪಾಡೂ ಅದೇ. ಪಂಚೆಯನ್ನು ಎತ್ತಿ ಕಟ್ಟಿದ ಮೇಷ್ಟರುಗಳು ಮುಂದೆ ಮುಂದೆ ಹೋಗಿ ಕೊನೆಗೆ ಕಾಣದಾದರು. ನಾವು ಕೆಂಗೇರಿ ಕೆರೆಯ ಹತ್ತಿರ ಹೋದಾಗ ಅವರು ಚಿತ್ರಾನ್ನ ತಿಂದು ಮುಗಿಸಿ, ಕೈ ತೊಳೆದು, ಒಬ್ಬರ ಭುಜಕ್ಕೆ ಒಬ್ಬರು ಒರಗಿ ಕೂತಿದ್ದರು.

ಶಾಮಣ್ಣನವರು ಗದರಲಿಲ್ಲ. ಗದರಿದ್ದರೆ ಅಕ್ಕ ಎದುರು ಮಾತಾಡುತ್ತಿದ್ದಳು. ಅವರು ನಮಗಾಗಿ ತೆಗೆದಿರಿಸಿದ್ದ ಬುತ್ತಿಯನ್ನು ಮುಂದೆ ತಳ್ಳಿ, "ನೀವಿಬ್ಬರೂ ಬಸ್ಸಿನಲ್ಲಿ ಬಂದು, ನಾವು ತಂಗುವ ಊರಿನಲ್ಲಿ ಸೇರಿಕೊಳ್ಳಿ ತಾಯಿ. ತಪ್ಪೇನಿಲ್ಲ," ಎಂದರು.

ಅಕ್ಕ ಚಿತ್ರಾನ್ನ ತಿನ್ನಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ಬಂದೆವು. ಕೆಂಪಮ್ಮ ಸೀರೆಯ ಅಂಚನ್ನು ಕಿಟಕಿಯಿಂದಾಚೆ ಹಿಂಡುತ್ತಾ, "ನಮ್ಮವ್ವ ಈಗ್ಲೂ ಗಂಡುಗಚ್ಚೆ ಹಾಕ್ಕೊಂಡೇ ಗದ್ದೆಗೆ ಇಳಿಯೋದು ಸರಸು," ಎಂದಳು. "ನಾನೂ ಹಾಕ್ತಿದ್ದೆ. ಟೀಚರಮ್ಮ ಆದಮೇಲೆ ನಾಚಿಕೆ ಬಂದು ಬಿಟ್ಟೆ. ಈಗ ನೋಡು, ಬಸ್ಸಲ್ಲಿ ಬಾ ಅಂತಾರೆ."

ಗಂಡುಗಚ್ಚೆ ಎಂದರೆ ಸೀರೆಯನ್ನು ಗಂಡಸರ ಪಂಚೆಯ ಹಾಗೆ ಕಾಲುಗಳ ನಡುವಿನಿಂದ ಹಿಂದಕ್ಕೆ ತೆಗೆದು ಬಿಗಿಯಾಗಿ ಸಿಕ್ಕಿಸಿಕೊಳ್ಳುವುದು. ನಾಟಿ ಹಾಕುವ, ಕಳೆ ಕೀಳುವ ಹೆಂಗಸರೆಲ್ಲ ಹಾಗೆ ಉಡುತ್ತಿದ್ದರು. ಮದುವೆ ಆದವರು, ಆಗದವರು ಎಂಬ ಭೇದ ಗದ್ದೆಯಲ್ಲಿ ಇರಲಿಲ್ಲ. ಮಾರನೆಯ ಸಂಜೆ ಕೆಂಪಮ್ಮ ನಮ್ಮ ಮನೆಗೆ ಬಂದಳು. ಕೋಣೆಯ ಬಾಗಿಲು ಹಾಕಿಕೊಂಡು ಅಕ್ಕನಿಗೆ ಆರು ಗಜದ ಸೀರೆಯಲ್ಲಿ ಗಂಡುಗಚ್ಚೆ ಹಾಕಿ ನೋಡಿದಳು. ಕಚ್ಚೆಗೆ ಬಟ್ಟೆ ಬಿಟ್ಟರೆ ಸೆರಗು ಭುಜಕ್ಕೆ ಬಂದು ಅಲ್ಲೇ ನಿಂತಿತು. ಸೆರಗು ಎಳೆದರೆ ಕಚ್ಚೆ ಮೊಣಕಾಲಿನಿಂದ ಮೇಲೇರಿತು. ಇಬ್ಬರೂ ನಗಲು ಶುರು ಮಾಡಿದರು. ಕೆಂಪಮ್ಮನ ಎತ್ತರಕ್ಕೆ ಆರು ಗಜ ಸಾಲುತ್ತಿತ್ತು, ಅವಳು ಕುಳ್ಳಿ. ಅಕ್ಕ ಉದ್ದಕ್ಕೆ ಅಪ್ಪನ ಸಮ. ಅವಳಿಗೆ ಹದಿನೆಂಟು ಮೊಳದ ಸೀರೆಯೇ ಬೇಕಿತ್ತು, ಅಂದರೆ ಒಂಬತ್ತು ಗಜದ, ಅಮ್ಮ ಉಡುವಂಥ ಕಚ್ಚೆ ಸೀರೆ.

ತೊಡಕು ಇದ್ದದ್ದು ಅಲ್ಲಿ. ನಮ್ಮಂಥ ಮನೆಗಳಲ್ಲಿ ಹೆಣ್ಣುಮಕ್ಕಳು ಮೊದಲ ಸಲ ಕಚ್ಚೆ ಉಡುವುದು ಮದುವೆಯ ದಿನ. ಧಾರೆಗೆ ಮುಂಚೆ ಹಿರಿಯ ಮುತ್ತೈದೆಯರು ಕೂಡಿ ಉಡಿಸುತ್ತಾರೆ. ಕಚ್ಚೆ ಉಟ್ಟವಳನ್ನು ಯಾರೂ ಮದುವೆ ಆಗಿದೆಯೇ ಎಂದು ಕೇಳುವುದಿಲ್ಲ, ಯಾವ ಮನೆಗೆ ಕೊಟ್ಟಿದೆ ಎಂದು ಕೇಳುತ್ತಾರೆ. ಮದುವೆ ಆದ ಮೇಲೂ ಆರು ಗಜ ಉಡುವ ಸೊಸೆಯಂದಿರು ಆಗ ಬೆಂಗಳೂರಿನಲ್ಲಿ ಬೇಕಾದಷ್ಟು ಇದ್ದರು. ಅದಕ್ಕೆ ಅತ್ತೆಯರು ಗೊಣಗಿ ಸುಮ್ಮನಾಗುತ್ತಿದ್ದರು. ಆದರೆ ಮದುವೆ ಆಗದೆ ಕಚ್ಚೆ ಉಟ್ಟವಳನ್ನು ನಮ್ಮವರಲ್ಲಿ ನಾನು ಕಂಡಿರಲಿಲ್ಲ.

ಅಮ್ಮ ಒಂದೇ ಮಾತು ಆಡಿದಳು, ಮದುವೆ ಆಗದವಳು ಕಚ್ಚೆ ಉಡುವ ಹಾಗಿಲ್ಲ ಎಂದು. "ನಾನು ಮದುವೆಗೆ ಉಡ್ತಾ ಇಲ್ಲಮ್ಮ, ನಡೆಯೋಕೆ ಉಡ್ತಾ ಇದೀನಿ," ಎಂದಳು ಅಕ್ಕ. ಅಮ್ಮ ಆ ಮೇಲೆ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಎರಡು ದಿನ ಅಕ್ಕನ ಜೊತೆ ಮಾತನ್ನು ಬಡಿಸುವಷ್ಟಕ್ಕೆ ಇಟ್ಟುಕೊಂಡಳು.

ಅಕ್ಕ ಚಿಕ್ಕಪೇಟೆಗೆ ಹೋಗಿ ಹದಿನೆಂಟು ಮೊಳದ ನೂಲಿನ ಸೀರೆಯೊಂದನ್ನು ತಂದಳು. ಇಟ್ಟಿಗೆ ಬಣ್ಣ, ಕಪ್ಪು ಅಂಚು. ಅದರ ಗಂಜಿ ವಾಸನೆ ನನಗೆ ಈಗಲೂ ಗೊತ್ತಾಗುತ್ತದೆ. ಗಂಜಿ ಹೋಗಲಿ ಎಂದು ಒಗೆದಳು. ಒಗೆದ ಸೀರೆ ಒಣಗಲಿಲ್ಲ. ಬಿಸಿಲಿಲ್ಲ, ಗಾಳಿಯಲ್ಲೂ ನೀರು. ನಡುಮನೆಯ ಬಿದಿರಿನ ಗಳದ ಮೇಲೆ ಹಾಕಿದರೆ ಇಡೀ ದಿನ ತೊಟ್ಟಿಕ್ಕುತ್ತಿತ್ತು. ನಾವು ಅದರ ಕೆಳಗೆ ತಲೆ ಬಗ್ಗಿಸಿ ಓಡಾಡಿದೆವು. ಕೊನೆಗೆ ನೀರೊಲೆಯ ಮುಂದೆ ಇಬ್ಬರೂ ಎರಡು ತುದಿ ಹಿಡಿದು ನಿಂತು ಒಣಗಿಸಿದೆವು. ಅಪ್ಪ ಸ್ನಾನಕ್ಕೆ ಬಂದು ನೋಡಿ, ಏನೂ ಕೇಳದೆ ತಣ್ಣೀರಲ್ಲೇ ಸ್ನಾನ ಮಾಡಿದರು.

ಗಂಟು ಎರಡನೆಯ ಸಲ ಬೇರೆ ಆಯಿತು. ಕಚ್ಚೆಗೆ ಒಳಲಂಗ ಬೇಡ, ಅದು ಹೋಯಿತು. ಜಮಖಾನ ಒದ್ದೆಯಾದರೆ ಹೊರಲಾಗದು ಎಂದು ಅದೂ ಹೋಯಿತು. ಅದರ ಬದಲು ಕೆಂಪಮ್ಮ ತನ್ನ ಮನೆಯಿಂದ ಕರಿ ಕಂಬಳಿ ತಂದುಕೊಟ್ಟಳು. ಮಡಿಸಿ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡರೆ ಮಳೆಗೆ ಕೊಡೆ, ರಾತ್ರಿಗೆ ಹೊದಿಕೆ. ಸ್ವೆಟರೂ ಹೋಯಿತು. ಬಿಟ್ಟ ಒಂದೊಂದನ್ನೂ ಅಕ್ಕ ಮಡಿಸಿ ಪೆಟ್ಟಿಗೆಗೆ ಇಡುವಾಗ ಗಂಟನ್ನು ಮತ್ತೊಮ್ಮೆ ಎತ್ತಿ ನೋಡುತ್ತಿದ್ದಳು. ಅವಳ ಮುಖ ಹಗುರವಾಗುತ್ತಾ ಬಂತು.

ಎರಡನೆಯ ಭಾನುವಾರ ಅವಳು ಇಟ್ಟಿಗೆ ಬಣ್ಣದ ಸೀರೆಯಲ್ಲಿ, ಕೆಂಪಮ್ಮ ತನ್ನ ಗಂಡುಗಚ್ಚೆಯಲ್ಲಿ, ಇಬ್ಬರೂ ಕಂಬಳಿ ಕೊಪ್ಪೆಯಲ್ಲಿ ಹೊರಟರು. ಮಳೆ ಹಿಂದಿನ ವಾರಕ್ಕಿಂತ ಜೋರು. ನಾನು ಹಿಂದೆ ಬಿದ್ದೆ, ಅವರು ಬೀಳಲಿಲ್ಲ. ಕೆಂಗೇರಿ ಕೆರೆಯ ಹತ್ತಿರ ನಾನು ತಲುಪಿದಾಗ ಅಕ್ಕ ಮೇಷ್ಟರುಗಳ ನಡುವೆ ಕೂತು ಪುಳಿಯೋಗರೆ ತಿನ್ನುತ್ತಿದ್ದಳು. ಶಾಮಣ್ಣನವರು ಬಸ್ಸಿನ ಮಾತು ಎತ್ತಲಿಲ್ಲ. ಕೂತಲ್ಲಿಂದ ಏಳುವಾಗ ಮಾತ್ರ ಅಕ್ಕ ತುಟಿ ಕಚ್ಚಿದಳು. ಹೊಸ ನೂಲು ತೊಡೆಯ ಸಂದಿಯನ್ನು ದಾರಿಯುದ್ದಕ್ಕೂ ಉಜ್ಜಿತ್ತು. ರಾತ್ರಿ ನಾನೇ ಕೊಬ್ಬರಿ ಎಣ್ಣೆ ಸವರಿದೆ. ಚರ್ಮ ಕೆಂಪಗೆ ಎದ್ದಿತ್ತು. ಏಳೆಂಟು ಮೈಲಿಗೇ ಹೀಗೆ. ಅವಳು ಹೋಗಬೇಕಾದದ್ದು ಮೈಸೂರು ದಾಟಿ, ಮಡಿಕೇರಿ ದಾಟಿ.

ಕೆರೆಯ ಹತ್ತಿರ ಅವಳನ್ನು ಇನ್ನೊಬ್ಬರು ನೋಡಿದ್ದರು. ಚಾಮರಾಜಪೇಟೆಯ ಆ ಸೋದರಮಾವನ ನಾದಿನಿ ಕೆಂಗೇರಿಯಲ್ಲಿ ಇದ್ದವಳು. ಒಂದು ಮದುವೆ ಮನೆಯಲ್ಲಿ ಅಕ್ಕನನ್ನು ಮೊದಲೇ ಕಂಡಿದ್ದಳಂತೆ. ಅವಳು ಆ ದಿನ ಕಂಡದ್ದು ಇಷ್ಟು: ಸಂಬಂಧ ಮಾತಾಡಿರುವ ಹುಡುಗಿ ಕಚ್ಚೆ ಉಟ್ಟು, ಹಣೆಗೆ ಕುಂಕುಮ ಇಟ್ಟು, ಗಂಡಸರ ಗುಂಪಿನಲ್ಲಿ ಕೂತು ಊಟ ಮಾಡುತ್ತಿದ್ದಾಳೆ. ಗಂಡಸರ ಗುಂಪಿನ ವಿಷಯ ಅವಳಿಗೆ ದೊಡ್ಡದಾಗಿ ಕಾಣಲಿಲ್ಲ. ಕಚ್ಚೆ ಕಂಡಿತು. ಈ ಹುಡುಗಿಗೆ ಮೊದಲೇ ಒಂದು ಮದುವೆ ಆಗಿದೆ, ಮನೆಯವರು ಮುಚ್ಚಿಟ್ಟಿದ್ದಾರೆ ಎಂದು ಅವಳು ತೀರ್ಮಾನಕ್ಕೆ ಬಂದಳು. ಹಾಗೆ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅವಳ ಜಾಗದಲ್ಲಿ ನಮ್ಮ ಅಮ್ಮ ಇದ್ದಿದ್ದರೂ ಅದೇ ತೀರ್ಮಾನಕ್ಕೆ ಬರುತ್ತಿದ್ದಳು.

ಮಾತು ಕೆಂಗೇರಿಯಿಂದ ಚಾಮರಾಜಪೇಟೆಗೆ, ಅಲ್ಲಿಂದ ಸಂಬಂಧ ತಂದಿದ್ದ ಬಂಧುವಿನ ಮೂಲಕ ಅಪ್ಪನ ಕಚೇರಿಗೆ ಬಂತು. ಹೊರಡಲು ಎರಡು ದಿನ ಉಳಿದಿತ್ತು. ಅಪ್ಪ ಸಂಜೆ ಮನೆಗೆ ಬಂದು ಕೋಟು ತೆಗೆಯದೆ ಕೂತರು. ಕೇಳಿದ್ದನ್ನು ಹೇಳಿದರು. ದನಿ ಏರಿಸಲಿಲ್ಲ. ಆರು ಗಜ ಉಟ್ಟುಕೊಂಡು ಹೋಗು, ಇಲ್ಲವೆ ಹೋಗಬೇಡ ಎಂದರು. ಆರು ಗಜ ಉಟ್ಟರೆ ಬಸ್ಸಿನಲ್ಲೇ ಹೋಗಬೇಕು, ಬಸ್ಸಿನಲ್ಲಾದರೆ ತಾನು ಹೋಗುವುದಿಲ್ಲ ಎಂದಳು ಅಕ್ಕ.

"ಹಾಗಾದರೆ ಹೋಗಬೇಡ," ಎಂದರು ಅಪ್ಪ.

ಅಕ್ಕ ಕೋಣೆಗೆ ಹೋಗಿ ಗಂಟು ಬಿಚ್ಚಿದಳು. ಅಳಲಿಲ್ಲ. ಒಂದೊಂದಾಗಿ ತೆಗೆದಳು: ರವಿಕೆ, ಮಲ್ಲು ಬಟ್ಟೆಯ ಮಡಿಕೆಗಳು, ಇಟ್ಟಿಗೆ ಬಣ್ಣದ ಸೀರೆ. ಕಂಬಳಿಯನ್ನು ಕೆಂಪಮ್ಮನಿಗೆ ವಾಪಸು ಕೊಡಬೇಕೆಂದು ಬೇರೆ ಇಟ್ಟಳು. ಖಾಲಿಯಾದ ಚೌಕದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗೆ ಇಟ್ಟು ದೀಪ ಆರಿಸಿದಳು.

ಅಮ್ಮನ ಹತ್ತಿರ ದಿನಬಳಕೆಯ ಕಚ್ಚೆ ಸೀರೆಗಳು ಮೂರಿದ್ದವು. ಒಂದು ಮಡಿಗೆ, ಬೆಳಿಗ್ಗೆ ಅದನ್ನುಟ್ಟು ಅಡುಗೆ, ಪೂಜೆ. ಉಳಿದೆರಡು ಮಧ್ಯಾಹ್ನದ ಮೇಲೆ ಸರದಿಯಲ್ಲಿ. ರೇಷ್ಮೆಯವು ಪೆಟ್ಟಿಗೆಯಲ್ಲಿ, ಹಬ್ಬಕ್ಕೆ. ಮಾರನೆಯ ದಿನ ಊಟವಾದ ಮೇಲೆ ಅವಳು ಮಧ್ಯಾಹ್ನದ ಎರಡು ಸೀರೆಗಳನ್ನೂ ತಂದು ಅಕ್ಕನ ಮಂಚದ ಮೇಲೆ ಇಟ್ಟಳು. ಒಂದು ಬೂದು, ಒಂದು ಹಾಗಲಹೂವಿನ ಹಳದಿ ಇದ್ದದ್ದು, ಒಗೆದು ಒಗೆದು ಎರಡೂ ಈಗ ಹೆಚ್ಚುಕಡಿಮೆ ಒಂದೇ ಬಣ್ಣ. ಬಟ್ಟೆ ಎಷ್ಟು ಮೆತ್ತಗಾಗಿತ್ತೆಂದರೆ ಮಡಿಸಿಟ್ಟರೂ ಮಡಿಕೆ ನಿಲ್ಲುತ್ತಿರಲಿಲ್ಲ.

"ಹೊಸದು ತೊಡೆ ಕೆರೆಯುತ್ತೆ," ಎಂದಳು ಅಮ್ಮ. "ಇದು ಸವೆದಿದೆ. ಕೆರೆಯಲ್ಲ."

ಅಪ್ಪ ಪಕ್ಕದ ಕೋಣೆಯಲ್ಲಿ ಇದ್ದರು. ಕೇಳಿಸಿಕೊಂಡು ಬಾಗಿಲಿಗೆ ಬಂದರು. ಎರಡನ್ನೂ ಕೊಟ್ಟರೆ ನೀನೇನು ಉಡುತ್ತೀಯ ಎಂದು ಅಮ್ಮನನ್ನು ಕೇಳಿದರು. ಅದು ಕೇಳಬೇಕಾದ ಪ್ರಶ್ನೆ ಅಲ್ಲ ಎಂದು ಅವರಿಗೂ ಗೊತ್ತಿತ್ತು. ಕೇಳಬೇಕಾದದ್ದನ್ನು ಕೇಳಲು ಅವರಿಗೆ ಆಗಲಿಲ್ಲ.

"ಅವಳದ್ದಿದೆಯಲ್ಲ," ಎಂದಳು ಅಮ್ಮ.

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ರಾತ್ರಿ ಊಟದ ಹೊತ್ತಿಗೆ ಬಂದರು. ಅಕ್ಕನ ವಿಷಯ ಎತ್ತಲಿಲ್ಲ. ಹೋಗಬೇಡ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ, ಮತ್ತೆ ಹೇಳಲೂ ಇಲ್ಲ. ನಮ್ಮ ಮನೆಯಲ್ಲಿ ದೊಡ್ಡ ವಿಷಯಗಳು ಇತ್ಯರ್ಥ ಆಗುತ್ತಿದ್ದುದು ಹೀಗೆ.

ಹೊರಡುವ ಬೆಳಿಗ್ಗೆ ಅಕ್ಕ ತಾನೇ ಕಚ್ಚೆ ಉಟ್ಟುಕೊಂಡು ನಡುಮನೆಗೆ ಬಂದಳು. ಅಮ್ಮ ಒಮ್ಮೆ ನೋಡಿ ಎಲ್ಲವನ್ನೂ ಬಿಚ್ಚಿಸಿದಳು. ಇದು ಪಂಚೆ ಉಟ್ಟ ಹಾಗಿದೆ, ಏರುದಾರಿಯಲ್ಲಿ ಎಳೆಯುತ್ತದೆ ಎಂದಳು. ಮೊದಲಿನಿಂದ ಉಡಿಸಿದಳು. ನೆರಿಗೆಯನ್ನು ಚಿಕ್ಕದು ಮಾಡಿದಳು, ಕಣಕಾಲಿನ ಮೇಲಕ್ಕೆ ಎತ್ತಿದಳು, ಸೆರಗನ್ನು ಸುತ್ತಿ ತಂದು ಸೊಂಟಕ್ಕೆ ಬಿಗಿದಳು, ಹಿಂದೆ ನಿಂತು ಕಚ್ಚೆಯನ್ನು ಎರಡು ಸಲ ಎಳೆದು ನೋಡಿದಳು. ಕೂರಲು ಹೇಳಿದಳು. ಏಳಲು ಹೇಳಿದಳು. ಹೊಸ್ತಿಲು ದಾಟಿ ಹೋಗಿ ಬರಲು ಹೇಳಿದಳು. ಮುತ್ತೈದೆಯರು ಯಾರೂ ಇರಲಿಲ್ಲ, ಅಮ್ಮ ಒಬ್ಬಳೇ, ಮತ್ತು ನಾನು ಹರಿಕೆನ್ ದೀಪ ಹಿಡಿದು ನಿಂತಿದ್ದೆ. ಅಕ್ಕ ನಮಸ್ಕಾರ ಮಾಡಿದಳು. ಅಪ್ಪನ ಕೋಣೆಯ ಬಾಗಿಲು ಹಾಕಿತ್ತು. ಅವಳು ಹೊಸ್ತಿಲಿಗೇ ನಮಸ್ಕಾರ ಮಾಡಿ ಗಂಟು ಹೆಗಲಿಗೆ ಹಾಕಿಕೊಂಡಳು. ಹೊರಗೆ ಕೆಂಪಮ್ಮ ಕಾಯುತ್ತಿದ್ದಳು. ಇಬ್ಬರೂ ಮಾಗಡಿ ರಸ್ತೆಯ ಕಡೆ ಹೋಗುವುದನ್ನು ಮಾಳಿಗೆಯಿಂದ ನೋಡಿದೆ. ನಡೆಯುವಾಗ ಇಬ್ಬರ ಕೈಗಳೂ ಖಾಲಿಯಾಗಿದ್ದವು.

ಆ ಮಧ್ಯಾಹ್ನದಿಂದ ಅಮ್ಮ ಅಕ್ಕನ ಸೀರೆ ಉಡಲು ಶುರು ಮಾಡಿದಳು. ಮದುವೆಯಾದ ಮೇಲೆ ಅವಳು ಆರು ಗಜ ಉಟ್ಟದ್ದು ಅದೇ ಮೊದಲು. ಒಳಲಂಗದ ಲಾಡಿಯನ್ನು ಎಲ್ಲಿ ಕಟ್ಟಬೇಕೆಂದು ನನ್ನನ್ನು ಕೇಳಿದಳು. ನೆರಿಗೆ ಹಿಡಿಯಲು ನಾನೇ ಕಲಿಸಿದೆ. ಮಹಡಿ ಹತ್ತುವಾಗ ಮುಗ್ಗರಿಸಿದಳು. ಸಂಜೆ ಹಾಲು ತಂದ ಹೊಸಹಳ್ಳಿಯ ಮುದುಕಿ ಕೊಡ ಇಳಿಸಿ ಅಡಿಯಿಂದ ಮುಡಿಯವರೆಗೆ ನೋಡಿ, "ಇದೇನ್ರವ್ವ, ಮಗಳ್ನ ಕಳ್ಸಿ ನೀವೇ ಇಸ್ಕೂಲಿಗೆ ಹೊಂಟ್ರಾ?" ಎಂದಳು. ಅಮ್ಮ ನಾಚಿ ಒಳಗೆ ಹೋದಳು. ಆದರೂ ಮಾರನೆಯ ದಿನ ಮತ್ತೆ ಅದನ್ನೇ ಉಟ್ಟಳು. ಇಟ್ಟಿಗೆ ಬಣ್ಣದ ಹೊಸ ಕಚ್ಚೆ ಸೀರೆ ಪೆಟ್ಟಿಗೆಯಲ್ಲೇ ಇತ್ತು. ಅದು ಸರಸುವಿನದು, ಅದನ್ನು ತಾನು ಉಡಲಾರೆ ಎಂದಳು. ಶಾಲೆಯ ಸೀರೆಗಳೂ ಸರಸುವಿನವೇ ಅಲ್ಲವೇ ಎಂದು ನಾನು ಕೇಳಲಿಲ್ಲ.

ಹಬ್ಬದ ದಿನಗಳಲ್ಲಿ ಗೊಂಬೆ ಕೂರಿಸಿದೆವು. ಅಪ್ಪ ಅಕ್ಕನ ಹೆಸರು ಎತ್ತಲಿಲ್ಲ. ಅವಳಿಂದ ಸುದ್ದಿಯೂ ಇರಲಿಲ್ಲ. ದಾರಿಯಿಂದ ಕಾಗದ ಬರೆಯುವ ಪದ್ಧತಿ ಶಾಮಣ್ಣನವರ ತಂಡದಲ್ಲಿ ಇರಲಿಲ್ಲವಂತೆ.

ಗೊಂಬೆ ಎತ್ತಿಟ್ಟ ಮೇಲಿನ ಭಾನುವಾರ, ಮಧ್ಯಾಹ್ನದ ಕಾಫಿಯ ಹೊತ್ತಿಗೆ, ಹೇಳದೆ ಕೇಳದೆ ಚಾಮರಾಜಪೇಟೆಯವರು ಬಂದರು. ಸೋದರಮಾವ ಮುಂದೆ, ಹುಡುಗ ಹಿಂದೆ. ಅಪ್ಪ ಚಾಪೆ ಹಾಸಿದರು. ಮಾವನವರು ಮಳೆಯ ಮಾತಾಡಿದರು, ರಾಜಾಜಿನಗರದ ರಸ್ತೆಗಳ ಮಾತಾಡಿದರು. ಹುಡುಗಿ ಎಲ್ಲಿ ಎಂದು ಕೇಳಿದರು. ಊರಲ್ಲಿಲ್ಲ ಎಂದರು ಅಪ್ಪ. ಮಾವನವರು ಕೊಡೆಯನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡರು.

"ತಪ್ಪು ತಿಳೀಬೇಡಿ ರಾಯರೇ," ಎಂದರು. "ನಮ್ಮ ನಾದಿನಿ ಕಣ್ಣಾರೆ ನೋಡಿದಾಳೆ. ಹುಡುಗಿ ಕಚ್ಚೆ ಉಟ್ಟಿದ್ದಳು. ಮೊದಲು ಏನಾದರೂ ಒಂದು ಆಗಿ, ಮುರಿದಿದ್ದರೆ, ಈಗಲೇ ಹೇಳಿಬಿಡಿ. ಕೇಳಬೇಕಾದ್ದು ನನ್ನ ಜವಾಬ್ದಾರಿ."

ಅಪ್ಪ ತಲೆ ತಗ್ಗಿಸಿ ಚಾಪೆಯ ಅಂಚಿನ ಎಳೆ ಕೀಳುತ್ತಾ ಕೂತರು. ಬೇರೆಯವರ ಎದುರು ಅವರು ಹಾಗೆ ಕೂತದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಗಂಡಿನ ಕಡೆಯವರು ಬಂದಾಗ ಅಮ್ಮ ಅಡುಗೆಮನೆಯ ಬಾಗಿಲ ಮರೆಯಿಂದಲೇ ಮಾತಾಡುವುದು ವಾಡಿಕೆ. ಆ ದಿನ ಅವಳು ಹೊಸ್ತಿಲು ದಾಟಿ ಈಚೆಗೆ ಬಂದಳು. ಅಕ್ಕ ಶಾಲೆಗೆ ಉಡುತ್ತಿದ್ದ ಹಸಿರು ಚುಕ್ಕಿಯ ವಾಯಲ್ ಸೀರೆ, ನೆರಿಗೆ ಒಂದು ಕಡೆ ಇಳಿದಿತ್ತು. ಕೊರಳಲ್ಲಿ ತಾಳಿ, ಹಣೆಯಲ್ಲಿ ಕಾಸಿನಗಲ ಕುಂಕುಮ. ಮಾವನವರು ಅವಳನ್ನು ನೋಡಿ, ಅಷ್ಟು ವಯಸ್ಸಿನ ಹೆಂಗಸು ಅಂಥ ಸೀರೆಯಲ್ಲಿ ನಿಂತದ್ದನ್ನು ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿದರು.

"ಇದು ಅವಳ ಸೀರೆ," ಎಂದಳು ಅಮ್ಮ. "ನನ್ನದನ್ನ ಅವಳು ಉಟ್ಟುಕೊಂಡು ಹೋಗಿದಾಳೆ, ನಡೆಯೋಕೆ ಅನುಕೂಲ ಅಂತ. ಅದನ್ನ ನೋಡಿ ಅವಳಿಗೆ ಮದುವೆ ಆಗಿದೆ ಅನ್ನೋದಾದರೆ, ಇದನ್ನ ನೋಡಿ ನನಗೆ ಇನ್ನೂ ಆಗಿಲ್ಲ ಅನ್ನಿ."

ಮಾವನವರು ಕೊಡೆಯನ್ನು ಮೊಣಕಾಲಿನಿಂದ ತೆಗೆದು ಗೋಡೆಗೆ ಒರಗಿಸಿದರು, ಅದು ಜಾರಿತು, ಮತ್ತೆ ಒರಗಿಸಿದರು. ಅವರ ಹಿಂದೆ ಗೋಡೆಯ ಪಕ್ಕ ಕೂತಿದ್ದ ಹುಡುಗ, ಮುಂದೆ ನಾನು ಭಾವ ಎಂದು ಕರೆದವರು, ಬಂದಾಗಿನಿಂದ ತುಟಿ ಬಿಚ್ಚಿರಲಿಲ್ಲ. ಅವರು ನಗು ತಡೆದುಕೊಳ್ಳುತ್ತಿದ್ದಾರೆ ಎಂದು ನನಗೆ ಕಂಡಿತು. ಆಮೇಲೆ ಅಪ್ಪನ ಕಡೆ ತಿರುಗಿ, ಗಂಭೀರವಾಗಿಯೇ, ನಡೆದು ಹೋದವರು ಈಗ ಎಲ್ಲಿಗೆ ತಲುಪಿರಬಹುದು ಎಂದು ಕೇಳಿದರು.

ಅಪ್ಪ ಯೋಚಿಸಲಿಲ್ಲ. ಅವಳು ಹೊರಟಾಗಿನಿಂದ ಯಾರಾದರೂ ಕೇಳಲಿ ಎಂದು ಕಾದಿದ್ದವರ ಹಾಗೆ ಉತ್ತರ ಬಂತು.

"ನಿನ್ನೆ ರಾತ್ರಿ ಹುಣಸೂರಲ್ಲಿ ತಂಗಿರ್ತಾರೆ. ಈ ಹೊತ್ತಿಗೆ ಪಿರಿಯಾಪಟ್ಟಣದ ದಾರಿ." ಅಷ್ಟು ಹೇಳಿ, ಸಾಲದು ಅನ್ನಿಸಿರಬೇಕು, ಮತ್ತೆ ಸೇರಿಸಿದರು: "ಬಸ್ಸಲ್ಲಲ್ಲ. ನಡೆದುಕೊಂಡೇ."